ಹೊಸ ಹಾಡು, ಹಳೆಯ ಕಿವಿ

ಹಾಡುವುದು ಒಂದು ವಿದ್ಯೆಯಾದರೆ ಕೇಳುವುದೂ ಒಂದು ವಿದ್ಯೆಯೇ. ಹಾಡುವುದನ್ನು ಕಲಿಸುವವರು ಹತ್ತಾರು ಊರಿಗೆ ಒಬ್ಬರಾದರೂ ಸಿಗುತ್ತಾರೆ. ಕೇಳುವುದನ್ನು ಕಲಿಸುವವರು ತೀರ ಕಡಿಮೆ. ಆದುದರಿಂದ ಈ ಸಲ ನಾವು ಕೇಳುಗರ ವಿಷಯವನ್ನೇ ಎತ್ತಿಕೊಂಡಿದ್ದೇವೆ. ಮೆಚ್ಚಿನ ಗಾಯಕ ಹೊಸದೇನನ್ನಾದರೂ ಹಾಡಿದಾಗ ಅವನ ಅಭಿಮಾನಿಗಳು ಎರಡು ಪಂಗಡವಾಗುತ್ತಾರಲ್ಲ, ಅದೇಕೆ? ಒಬ್ಬರಿಗೆ ಸೊಗಸೆನಿಸಿದ್ದು ಇನ್ನೊಬ್ಬರಿಗೆ ದ್ರೋಹದಂತೆ ಕಾಣುವುದೇಕೆ?

ಮೊದಲು ಹುಡುಗರ ಕಡೆಯಿಂದಲೇ ಒಂದು ಉದಾಹರಣೆ. ಮೋಬೈಲು ಹಿಡಿದ ನಮ್ಮ ಮಕ್ಕಳಲ್ಲಿ ಕೆಲವರಿಗೆ ‘ಬೇಬಿಮೆಟಲ್’ ಎಂಬ ಜಪಾನಿನ ತಂಡದ ಹೆಸರು ಗೊತ್ತಿದೆ. 2010ರಲ್ಲಿ ಆರಂಭವಾದ ತಂಡವಿದು. ಮುಂದೆ ನಿಂತು ಹುಡುಗಿಯರು ಇಂಪಾಗಿ ಹಾಡಿ ಕುಣಿಯುತ್ತಾರೆ. ಹಿಂದೆ ಗಿಟಾರು ಮತ್ತು ಡ್ರಮ್ಮುಗಳು ಕಮ್ಮಾರಸಾಲೆಯ ಸುತ್ತಿಗೆಯಂತೆ ಬಡಿಯುತ್ತವೆ. ಈ ಬಡಿತದ ಸಂಗೀತಕ್ಕೆ ಪಶ್ಚಿಮದಲ್ಲಿ ‘ಮೆಟಲ್’ ಎಂದೇ ಹೆಸರು. ಪಾಲಕರಿಗೆ ಇದು ಬರಿಯ ಗದ್ದಲವೆನಿಸೀತು. ಅವರನ್ನು ನಾವು ದೂರುವುದಿಲ್ಲ. 2018ರಲ್ಲಿ ಮೂವರು ಹುಡುಗಿಯರಲ್ಲಿ ಒಬ್ಬಳು ತಂಡ ಬಿಟ್ಟಳು. ಮರುವರ್ಷ ಅಕ್ಟೋಬರದಲ್ಲಿ ಮೂರನೆಯ ಆಲ್ಬಮ್ ಬಂತು. ಅದರಲ್ಲಿ ದೇಶದೇಶದ ಧಾಟಿಗಳು, ನಮ್ಮ ದೇಶದ ಧಾಟಿಯ ‘ಶಾಂತಿ ಶಾಂತಿ ಶಾಂತಿ’ ಎಂಬ ಹಾಡು ಸಹ. ಕೆಲವರು ‘ತಂಡ ಬಾಗಿಲು ತೆರೆಯಿತು’ ಎಂದು ಹಿಗ್ಗಿದರು; ಕೆಲವರು ‘ಕಬ್ಬಿಣ ಕರಗಿ ನೀರಾಯಿತು’ ಎಂದು ಮುಖ ತಿರುಗಿಸಿದರು. 2025ರ ಆಗಸ್ಟದಲ್ಲಿ ಬಂದ ‘ಮೆಟಲ್ ಫೋರ್ತ್’ ಆಲ್ಬಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಡುಗಳಿಗೆ ಹೊರಗಿನ ಕಲಾವಿದರು ಜೊತೆಯಾಗಿದ್ದಾರೆ. ದಿಲ್ಲಿಯ ‘ಬ್ಲಡಿವುಡ್’ ತಂಡವೂ ಅವರಲ್ಲೊಂದು. ಮತ್ತೆ ಅದೇ ವಾದ. ಮನೆ ತುಂಬ ಬೀಗರೇ ಆದರೆ ಮನೆಯವರೆಲ್ಲಿ ಎಂದು ಹಳೆಯ ಅಭಿಮಾನಿಗಳ ಪ್ರಶ್ನೆ.

ಈ ಜಗಳ ಜಪಾನಿನಲ್ಲಿ ಹುಟ್ಟಿದ್ದಲ್ಲ, ನಿನ್ನೆ ಮೊನ್ನೆಯದೂ ಅಲ್ಲ. ಕನ್ನಡ ನೆಲದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ಮಾಳವದಲ್ಲಿ ಬಾಳಿದ ಒಬ್ಬ ಮಹಾಗಾಯಕರು ಇದನ್ನು ಜೀವನವಿಡೀ ಎದುರಿಸಿದರು. ಅವರೇ ಪಂಡಿತ ಕುಮಾರ ಗಂಧರ್ವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಕಾಸಾರಶಿರಸಿಯ ನಮ್ಮಂಥವರಿಗೆ ಅವರ ಕಥೆ ಹತ್ತಿರದ್ದು.

ಅವರ ಹುಟ್ಟುಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಜನನ 1924ರ ಏಪ್ರಿಲ್ 8, ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ. ತಂದೆಯೂ ಹಾಡುವವರೇ. ಹುಡುಗ ಐದಾರು ವರ್ಷದವನಿದ್ದಾಗ, ಯಾರೂ ಕಲಿಸದೆ, ದೊಡ್ಡ ದೊಡ್ಡ ಉಸ್ತಾದರ ಗ್ರಾಮಫೋನ್ ತಟ್ಟೆಗಳನ್ನು ಕೇಳಿದಂತೆಯೇ ಹಾಡತೊಡಗಿದ. ಇದನ್ನು ಕೇಳಿದ ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂದು ಕರೆದರು. ಆ ಹೆಸರೇ ನಿಂತಿತು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಮುಂಬಯಿಯ ಪ್ರೊಫೆಸರ್ ಬಿ. ಆರ್. ದೇವಧರರ ಸಂಗೀತ ಶಾಲೆಗೆ ಸೇರಿದಾಗ ಆತ ಆಗಲೇ ಪ್ರಸಿದ್ಧ.

ಇಲ್ಲಿ ಗ್ರಾಮಫೋನಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾರತದಲ್ಲಿ ತಟ್ಟೆಗಳಿಗಾಗಿ ಗಾಯನ ಮುದ್ರಿಸುವ ಕೆಲಸ 1902ರಲ್ಲಿ ಕಲಕತ್ತೆಯಲ್ಲಿ ಆರಂಭವಾಯಿತು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷದ ಆಚೀಚೆ ಮಾತ್ರ. ಬೈಠಕಿನಲ್ಲಿ ತಾಸುಗಟ್ಟಲೆ ಹಾಡುವ ರಾಗವನ್ನು ಉಸ್ತಾದರು ಮೂರು ನಿಮಿಷಕ್ಕೆ ಹಿಂಡಿ ಕೊಟ್ಟರು. ತಟ್ಟೆ ಬರುವ ಮೊದಲು ಒಂದೇ ಹಾಡನ್ನು ಎರಡು ಸಲ ಒಂದೇ ರೀತಿ ಕೇಳಿದ ಮನುಷ್ಯ ಲೋಕದಲ್ಲಿ ಇರಲಿಲ್ಲ. ಗಾಯಕ ಇವತ್ತು ಹಾಡಿದ್ದನ್ನು ನಾಳೆ ಹಾಗೆಯೇ ಹಾಡುವುದಿಲ್ಲವಷ್ಟೆ. ತಟ್ಟೆ ಬಂದ ಮೇಲೆ ಅದೇ ತಾನು, ಅದೇ ತಿರುವು, ಅದೇ ಉಸಿರು ನೂರು ಸಲ ಕೇಳಿಸಿತು. ಕೇಳುಗನ ಕೈಗೆ ಅಳತೆಗೋಲು ಸಿಕ್ಕಿತು. ಗಾಯಕ ಎದುರಿಗೆ ಬಂದು ಕೂತರೆ ಕೇಳುಗ ಆ ಕೋಲಿನಿಂದ ಅಳೆಯತೊಡಗಿದ: ತಟ್ಟೆಯಲ್ಲಿದ್ದಂತೆ ಬಂತೋ ಇಲ್ಲವೋ? ಅಭಿಮಾನಿ ಎಂಬವನು ಹುಟ್ಟಿದ್ದು ಬಹುಮಟ್ಟಿಗೆ ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಬಾಲಕ ಕುಮಾರ ಗಂಧರ್ವನನ್ನು ಜನ ಮೆಚ್ಚಿದ್ದು ಈ ಅಳತೆಗೋಲಿನಿಂದಲೇ. ಇಷ್ಟು ಚಿಕ್ಕ ಹುಡುಗ ತಟ್ಟೆಯಲ್ಲಿದ್ದಂತೆಯೇ ಹಾಡುತ್ತಾನಲ್ಲಾ ಎಂಬುದೇ ಅವರ ಬೆರಗು. ಆದರೆ ಎಲ್ಲರ ತಟ್ಟೆಗಳನ್ನೂ ಹಾಡಬಲ್ಲವನಾಗಿದ್ದ ಹುಡುಗ, ದೊಡ್ಡವನಾದ ಮೇಲೆ ಯಾರ ತಟ್ಟೆಯನ್ನೂ ಹಾಡಲು ಒಪ್ಪಲಿಲ್ಲ, ತನ್ನದನ್ನು ಸಹ.

ನಡುವೆ ಒಂದು ದೊಡ್ಡ ಆಪತ್ತು ಬಂತು. 1947ರಲ್ಲಿ ಅವರು ಗಾಯಕಿ ಭಾನುಮತಿಯವರನ್ನು ವಿವಾಹವಾದರು. ಅದೇ ಸುಮಾರಿಗೆ ಕ್ಷಯ ಹಿಡಿಯಿತು. ಒಣ ಹವೆ ಒಳ್ಳೆಯದೆಂದು 1948ರ ಆರಂಭದಲ್ಲಿ ಇಂದೋರಿನ ಹತ್ತಿರದ ದೇವಾಸಕ್ಕೆ ಬಂದರು. ಹಾಡಬಾರದೆಂದು ವೈದ್ಯರ ಕಟ್ಟಪ್ಪಣೆ. ಇಪ್ಪತ್ತನಾಲ್ಕರ ಗಾಯಕ ಹಾಸಿಗೆ ಹಿಡಿದು ವರ್ಷಗಟ್ಟಲೆ ಮೂಕನಾಗಿ ಮಲಗುವುದೆಂದರೇನು, ಯೋಚಿಸಿ ನೋಡಿ. ಅಮೇರಿಕೆಯಲ್ಲಿ 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಆಗ ಹೊಸದು. ಅದು ಅವರಿಗೆ ಸಿಕ್ಕಿತು, ಪ್ರಾಣ ಉಳಿಯಿತು. ಆದರೆ ಒಂದು ಶ್ವಾಸಕೋಶ ಹಾಳಾಗಿತ್ತು. 1953ರ ಸುಮಾರಿಗೆ ಅವರು ಮತ್ತೆ ವೇದಿಕೆಗೆ ಬಂದರು.

ಮಲಗಿದ್ದ ಆ ವರ್ಷಗಳಲ್ಲಿ ಅವರು ಮಾಡಿದ್ದು ಕೇಳುವ ಕೆಲಸ. ಮಾಳವವೂ ನಮ್ಮ ಸೀಮೆಯಂತೆ ಕರಿಮಣ್ಣಿನ ಎತ್ತರದ ನಾಡು. ಓಣಿಯ ಹೆಣ್ಣುಮಕ್ಕಳು ಮದುವೆಗೆ, ಮಳೆಗೆ, ಹಬ್ಬಕ್ಕೆ ಹಾಡುವ ಪದಗಳು ಕಿಟಕಿಯಿಂದ ಕೇಳಿಬರುತ್ತಿದ್ದವು. ನಮ್ಮಲ್ಲಿ ಬೀಸುಕಲ್ಲಿನ ಮುಂದೆ ಕನ್ನಡದ ಪದ, ಮರಾಠಿಯ ಓವಿ ಎರಡೂ ನಡೆಯುತ್ತಿದ್ದಂತೆ, ಅಲ್ಲಿ ಮಾಳವಿ ಭಾಷೆಯ ಹಾಡು. ಮಕ್ಕಳೇ, ಇಂಥ ಪದಗಳನ್ನು ಗಮನವಿಟ್ಟು ಕೇಳಿದರೆ ಒಂದು ಸಂಗತಿ ಗೊತ್ತಾಗುತ್ತದೆ. ರಾಗಕ್ಕೆ ಸಾಮಾನ್ಯವಾಗಿ ಐದು ಸ್ವರವಾದರೂ ಬೇಕೆಂದು ಶಾಸ್ತ್ರ ಹೇಳುತ್ತದೆ. ನಮ್ಮ ಅಜ್ಜಿಯರ ಪದ ಮೂರು ನಾಲ್ಕು ಸ್ವರಗಳಲ್ಲೇ ತಿರುಗಾಡಿ ಮುಗಿಯುತ್ತದೆ. ಈ ಮೂರು ನಾಲ್ಕು ಸ್ವರಗಳ ಧಾಟಿಯೇ ಬೀಜ, ರಾಗ ಅದರಿಂದ ಬೆಳೆದ ಮರ ಎಂದು ಕುಮಾರ ಗಂಧರ್ವರು ತಿಳಿದರು. ಅಂಥ ಪದಗಳನ್ನು ಸಂಗ್ರಹಿಸಿ ಬರೆದುಕೊಂಡರು. ಅವುಗಳಿಂದ ಹೊಸ ರಾಗಗಳನ್ನು ಕಟ್ಟಿದರು: ಮಾಲವತಿ, ಸಂಜಾರಿ, ಲಗನಗಂಧಾರ ಮೊದಲಾದವು. ತಿರುಗಾಡುವ ನಾಥಪಂಥದ ಜೋಗಿಗಳಿಂದ ಕಬೀರನ ನಿರ್ಗುಣ ಪದಗಳ ಧಾಟಿಯನ್ನು ಹಿಡಿದರು. ತಮ್ಮ ಚೀಜುಗಳನ್ನೆಲ್ಲ 1965ರಲ್ಲಿ ‘ಅನೂಪರಾಗವಿಲಾಸ’ ಎಂಬ ಗ್ರಂಥವಾಗಿ ಪ್ರಕಟಿಸಿದರು.

ಹೀಗೆ ಹೊಸಬರಾಗಿ ಬಂದ ಅವರ ಎದುರು ಕೂತಿದ್ದವು ಹಳೆಯ ಕಿವಿಗಳು. ನಮ್ಮ ಧಾರವಾಡ, ಹುಬ್ಬಳ್ಳಿ, ಪುಣೆಯ ರಸಿಕರ ಕಿವಿಯನ್ನು ಬಹುಮಟ್ಟಿಗೆ ತಿದ್ದಿದ್ದು ಕಿರಾಣಾ ಘರಾಣೆ. ಅಬ್ದುಲ್ ಕರೀಮಖಾನ್, ಕುಂದಗೋಳದ ಸವಾಯಿ ಗಂಧರ್ವ, ಆಮೇಲೆ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಈ ದಾರಿಯಲ್ಲಿ ವಿಲಂಬಿತ ಖ್ಯಾಲವೇ ಪ್ರಧಾನ. ಬಾವಿಯ ಮೆಟ್ಟಿಲಿಳಿದಂತೆ ಒಂದೊಂದೇ ಸ್ವರದಲ್ಲಿ ನಿಂತು, ನೆಲೆಸಿ, ಮುಂದೆ ಹೋಗಬೇಕು. ಕುಮಾರ ಗಂಧರ್ವರು ಹಾಗೆ ಇಳಿಯಲಿಲ್ಲ. ಚೀಜಿನ ಅಕ್ಷರಗಳನ್ನೇ ಹಿಡಿದು, ಚುಟುಕು ಚುಟುಕಾಗಿ ಸ್ವರ ಎಸೆದು, ಥಟ್ಟನೆ ಮೌನವಾಗಿ, ಮತ್ತೆ ಯಾರೂ ನೆನೆಸದ ಕಡೆಯಿಂದ ಏಳುತ್ತಿದ್ದರು. ಕೆಲವರು ಬೆರಗಾದರು. ಮರಾಠಿಯ ಪು. ಲ. ದೇಶಪಾಂಡೆಯವರಂಥ ಸಾಹಿತಿಗಳು ಅವರ ಪರಮ ಅಭಿಮಾನಿಗಳಾದರು. ಇನ್ನು ಕೆಲವರು ವಿಲಂಬಿತವಿಲ್ಲ, ಗಾಯನ ತುಣುಕು ತುಣುಕಾಗಿದೆ, ಶಾಸ್ತ್ರೀಯ ಬೈಠಕಿನಲ್ಲಿ ಹಳ್ಳಿಯ ಪದವೇಕೆ, ಇರುವ ರಾಗಗಳೇ ಮುಗಿಯದಿರುವಾಗ ಹೊಸ ರಾಗವೇಕೆ ಎಂದರು.

ಈ ಆಕ್ಷೇಪಣೆಗಳನ್ನೆಲ್ಲ ತಿಳಿಗೇಡಿತನವೆಂದು ತಳ್ಳಿಹಾಕುವುದು ತಪ್ಪು. ವಿಲಂಬಿತವಿಲ್ಲ ಎಂದವರು ಒಂದು ನಿಜವಾದ ಕೊರತೆಯನ್ನೇ ಗುರುತಿಸಿದ್ದರು. ಆ ನಿಧಾನದ ಸುಖ ಬೇಕಾದವರು ಭೀಮಸೇನರ ಕಡೆಗೆ ಹೋಗಲೇಬೇಕು. ಆದರೆ ‘ರೋಗದಿಂದ ಉಸಿರು ಸಾಲದು, ಅದಕ್ಕೇ ಹೀಗೆ ತುಂಡು ತುಂಡು’ ಎಂಬ ಮಾತನ್ನು ಮಾತ್ರ ನಾವು ಅರ್ಧವಷ್ಟೇ ಒಪ್ಪುತ್ತೇವೆ. ಉಸಿರು ಸಾಲದವರು ಲೋಕದಲ್ಲಿ ಬಹಳ ಜನ. ಕುಮಾರ ಗಂಧರ್ವರು ಒಬ್ಬರೇ.

ಇದಕ್ಕೆ ಮೆಟಲ್ ಸಂಗೀತದಿಂದಲೇ ಒಂದು ಸಾಕ್ಷಿ ಕೊಡಬಹುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರಖಾನೆಯಲ್ಲಿ ದುಡಿಯುತ್ತಿದ್ದ. ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳ ತುದಿಗಳು ಹೋದವು. ಎಡಗೈಯಿಂದ ಮೀಟುವ ಅವನಿಗೆ ತಂತಿ ಒತ್ತುವ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತೆಳು ತಂತಿ ಹಾಕಿದ. ಮುಂದೆ ತಂತಿಗಳ ಬಿಗುವನ್ನು ಸಡಿಲಿಸಿ ಶ್ರುತಿ ಇಳಿಸಿದ. ಆ ಗಿಟಾರಿನಿಂದ ಭಾರವಾದ, ಮಬ್ಬಾದ ನಾದ ಹೊರಟಿತು. 1970ರಲ್ಲಿ ಅವನ ‘ಬ್ಲ್ಯಾಕ್ ಸಬ್ಬಾತ್’ ತಂಡದ ಮೊದಲ ಆಲ್ಬಮ್ ಬಂದಾಗ ಅನೇಕ ವಿಮರ್ಶಕರು ಜರೆದರು. ಇವತ್ತು ಮೆಟಲ್ ಸಂಗೀತದ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತಾರೆ. ಬೆರಳು ಹೋದದ್ದರಿಂದ ಸಂಗೀತ ಹುಟ್ಟಲಿಲ್ಲ. ಆ ಮೇಲೂ ಬಿಡದೆ ತಂತಿಯೊಡನೆ ಹೆಣಗಿದ್ದರಿಂದ ಹುಟ್ಟಿತು. ನಮ್ಮ ಗಂಗೂಬಾಯಿಯವರದೂ ಇಂಥದೇ. ಅವರ ಮೊದಲ ತಟ್ಟೆಗಳಲ್ಲಿ ಇರುವುದು ತೆಳುವಾದ, ಎತ್ತರದ ಹೆಣ್ಣುಧ್ವನಿ. ಗಂಟಲಿನ ಚಿಕಿತ್ಸೆಯ ಮೇಲೆ ಧ್ವನಿ ಗಂಡಸರಂತೆ ದಪ್ಪವಾಯಿತು. ಅವರು ಆ ಧ್ವನಿಯಲ್ಲೇ ಹಾಡಿದರು.

ಎಲ್ಲಕ್ಕಿಂತ ಕಾವೇರಿದ ಚರ್ಚೆ ನಡೆದದ್ದು ಬಾಲಗಂಧರ್ವರ ಹಾಡುಗಳ ವಿಷಯದಲ್ಲಿ. ನಾರಾಯಣರಾವ ರಾಜಹಂಸ ಎಂಬ ಬಾಲಗಂಧರ್ವರು (1888–1967) ಮರಾಠಿ ಸಂಗೀತ ನಾಟಕದಲ್ಲಿ ಸ್ತ್ರೀಪಾತ್ರ ಮಾಡಿ ಮಹಾರಾಷ್ಟ್ರದ ಮನೆಮನೆಯ ದೈವವಾಗಿದ್ದವರು. ಅವರ ನಾಟ್ಯಗೀತೆಗಳನ್ನು ಕುಮಾರ ಗಂಧರ್ವರು ತಮ್ಮ ರೀತಿಯಲ್ಲಿ ಹಾಡಿ ‘ಮಲಾ ಉಮಜಲೇಲೆ ಬಾಲಗಂಧರ್ವ’ ಎಂಬ ಕಾರ್ಯಕ್ರಮ ಮಾಡಿದರು. ಆಮೇಲೆ ಅದು ಧ್ವನಿಮುದ್ರಿಕೆಯಾಗಿಯೂ ಬಂತು. ಬಾಲಗಂಧರ್ವರ ಅಭಿಮಾನಿಗಳಲ್ಲಿ ಹಲವರು ಕೆರಳಿದರು. ನಮ್ಮ ಗಡಿಯ ಮಕ್ಕಳಿಗೆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ‘ನನಗೆ ತಿಳಿದ ಬಾಲಗಂಧರ್ವ’. ಇದು ಅನುಕರಣವಲ್ಲ, ನನ್ನ ತಿಳಿವಳಿಕೆ ಎಂದು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ಅನುಕರಣ ಮಾಡಬೇಕೆಂದಿದ್ದರೆ ಅದು ಅವರಿಗೆ ಕಷ್ಟವೇ? ಐದಾರರ ವಯಸ್ಸಿನಲ್ಲೇ ಅದನ್ನು ಮಾಡಿ ಮುಗಿಸಿದವರು ಅವರು.

ಗಡಿಯ ಊರುಗಳಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಅವರು ಕನ್ನಡದವರಲ್ಲವೇ, ಹೆಸರಾದ ಹಾಡುಗಳೆಲ್ಲ ಹಿಂದಿ, ಮಾಳವಿ, ಮರಾಠಿಗಳಲ್ಲೇಕೆ? ನಮ್ಮ ಶಾಲೆಯಿಂದ ಹೊರಬಿದ್ದು ಲಾತೂರಿಗೋ ಪುಣೆಗೋ ಹೋಗುವ ಮಕ್ಕಳನ್ನು ಕುರಿತೂ ಊರಿನಲ್ಲಿ ಇದೇ ಮಾತು ಕೇಳಿಬರುತ್ತದೆ, ‘ಹುಡುಗ ಬದಲಾಗಿಬಿಟ್ಟ’ ಎಂದು. ಪಾಲಕರಿಗೆ ಇದರಲ್ಲಿ ನಿಜವಾದ ನೋವಿದೆ. ನಾವು ಅದನ್ನು ಬಲ್ಲೆವು. ಕುಮಾರ ಗಂಧರ್ವರಿಗೆ 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. 1992ರ ಜನವರಿ 12ರಂದು ಅವರು ದೇವಾಸದಲ್ಲಿಯೇ ತೀರಿಕೊಂಡರು. ಮಗಳು ಕಲಾಪಿನಿ ಇಂದಿಗೂ ಕೊಂಕಾಳಿ ಮನೆತನದ ಹೆಸರಿನಿಂದಲೇ ಹಾಡುತ್ತಾರೆ. ಮಗ ಮುಕುಲ್ ತಂದೆಯ ಹುಟ್ಟುಹೆಸರನ್ನು ಸೇರಿಸಿಕೊಂಡು ಮುಕುಲ್ ಶಿವಪುತ್ರ ಎಂದು ಪ್ರಸಿದ್ಧರು.

ಈಗ ಮಕ್ಕಳಿಗೊಂದು ಅಭ್ಯಾಸ. ಮೋಬೈಲಿನಲ್ಲಿ ಇವೆಲ್ಲ ಸಿಗುತ್ತವೆ. ಮೊದಲು ಭೀಮಸೇನ ಜೋಶಿಯವರ ಒಂದು ವಿಲಂಬಿತ ಖ್ಯಾಲವನ್ನು ಕಾಲು ತಾಸು ಕೇಳಿರಿ. ಆಮೇಲೆ ಕುಮಾರ ಗಂಧರ್ವರ ಒಂದು ಚೀಜು, ಒಂದು ಕಬೀರನ ಪದ. ಮನೆಯಲ್ಲಿ ಹಿರಿಯರಿದ್ದರೆ ಜೊತೆಗೆ ಕೂಡಿಸಿಕೊಳ್ಳಿರಿ. ಬದಲಿಗೆ ಅವರಿಗೂ ನಿಮ್ಮ ಜಪಾನಿನ ಹುಡುಗಿಯರ ಒಂದು ಹಾಡು ಕೇಳಿಸಿರಿ. ‘ಚಲೋ ಐತಿ’, ‘ಚಲೋ ಇಲ್ಲ’ ಎಂದಷ್ಟೇ ಬರೆಯಬೇಡಿರಿ. ಯಾವ ಜಾಗದಲ್ಲಿ ಮನಸ್ಸು ಒಪ್ಪಿತು, ಯಾವ ಜಾಗದಲ್ಲಿ ಒಪ್ಪಲಿಲ್ಲ, ಅಲ್ಲಿ ನೀವು ಏನನ್ನು ನಿರೀಕ್ಷಿಸಿದ್ದಿರಿ, ಬಂದದ್ದೇನು, ಅದನ್ನು ಬರೆಯಿರಿ. ಎರಡನೆಯ ಸಲ ಕೇಳಿ ಅದೇ ಹಾಳೆಯ ಹಿಂಬದಿಗೆ ಮತ್ತೆ ಬರೆಯಿರಿ. ಸ್ನೇಹಸಮ್ಮೇಳನದ ತಾಲೀಮು ಸುರುವಾಗುವ ಮೊದಲು ತಂದುಕೊಟ್ಟರೆ ತರಗತಿಯಲ್ಲಿ ಓದಿ ಚರ್ಚೆ ಮಾಡೋಣ. ಎರಡೂ ಬದಿ ಒಂದೇ ಆಗಿದ್ದರೂ ಅಡ್ಡಿಯಿಲ್ಲ.