ಮ್ಯಾಚ್ ಪಟ್ಟಿ: ಮನಸ್ಸಿನಲ್ಲಿರುವುದನ್ನೇ ಮೊದಲು ಬರೆಯಿರಿ

ಅಮೆರಿಕದ ರೆಸಿಡೆನ್ಸಿ ಹೆಚ್ಚುಕಡಿಮೆ ನಮ್ಮ ಎಂ.ಡಿ., ಎಂ.ಎಸ್. ಇದ್ದಂತೆ. ಇಂಟರ್ನಲ್ ಮೆಡಿಸಿನ್‌ಗೆ ಮೂರು ವರ್ಷ, ಜನರಲ್ ಸರ್ಜರಿಗೆ ಐದು. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ, ಯುಎಸ್‌ಎಂಎಲ್‌ಇ ಎಂಬ ಪರವಾನಗಿ ಪರೀಕ್ಷೆ ಬರೆದು ಅಲ್ಲಿಗೆ ಅರ್ಜಿ ಹಾಕುವವರೂ ಇದ್ದಾರೆ. ಸೆಪ್ಟೆಂಬರ್‌ನಲ್ಲಿ ಅರ್ಜಿ, ಚಳಿಗಾಲದಲ್ಲಿ ಸಂದರ್ಶನಗಳು. ಆಮೇಲೆ ಬರುವ ಕೆಲಸವೇ ಬಹಳ ಮಂದಿಯನ್ನು ಕಂಗೆಡಿಸುತ್ತದೆ: ಸಂದರ್ಶನ ಕೊಟ್ಟ ಕಡೆಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು?

ನೀಟ್ ಪಿಜಿಯಲ್ಲಿ ನಿಮ್ಮ ರ್‍ಯಾಂಕ್ ಎಲ್ಲ ಕಾಲೇಜಿಗೂ ಒಂದೇ. ಅಮೆರಿಕದಲ್ಲಿ ಹಾಗಲ್ಲ. ನೀವು ಆಸ್ಪತ್ರೆಗಳ ಪಟ್ಟಿ ಬರೆದರೆ, ಪ್ರತಿಯೊಂದು ಆಸ್ಪತ್ರೆಯೂ ತಾನು ಕಂಡ ಅಭ್ಯರ್ಥಿಗಳ ಪಟ್ಟಿ ಬರೆಯುತ್ತದೆ. ಎರಡನ್ನೂ ಹೊಂದಿಸುವುದು ಎನ್‌ಆರ್‌ಎಂಪಿ ಎಂಬ ಸಂಸ್ಥೆಯ ಕಂಪ್ಯೂಟರ್. 1952ರಿಂದ ನಡೆದು ಬಂದಿರುವ ಈ ಏರ್ಪಾಡಿಗೇ 'ಮ್ಯಾಚ್' ಎನ್ನುವುದು. ಅಭ್ಯರ್ಥಿಯ ಆಯ್ಕೆಯಿಂದಲೇ ಲೆಕ್ಕ ಶುರುವಾಗುವ ಈಗಿನ ವಿಧಾನ 1998ರಲ್ಲಿ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಲೆಕ್ಕ ಹೇಗೆ ಸಾಗುತ್ತದೆ ಎಂದು ನಿಧಾನವಾಗಿ ನೋಡೋಣ. ಸಹನಾ ಎಂಬ ಹುಡುಗಿ ಚಿಕಾಗೋದ ಒಂದು ಆಸ್ಪತ್ರೆಯನ್ನು ಮೊದಲು, ಡೆಟ್ರಾಯಿಟ್‌ನದನ್ನು ಎರಡನೆಯದಾಗಿ ಬರೆದಿದ್ದಾಳೆ ಎನ್ನಿ. ಕಂಪ್ಯೂಟರ್ ಮೊದಲು ಚಿಕಾಗೋ ನೋಡುತ್ತದೆ. ಸೀಟು ಖಾಲಿಯಿದ್ದು, ಆಸ್ಪತ್ರೆಯ ಪಟ್ಟಿಯಲ್ಲಿ ಅವಳ ಹೆಸರಿದ್ದರೆ ತಾತ್ಕಾಲಿಕವಾಗಿ ಕೂರಿಸುತ್ತದೆ. ಆಸ್ಪತ್ರೆಗೆ ಅವಳಿಗಿಂತ ಹೆಚ್ಚು ಬೇಕಾದವರು ಆಮೇಲೆ ಬಂದು ಸೀಟುಗಳು ತುಂಬಿದರೆ, ಸಹನಾ ಡೆಟ್ರಾಯಿಟ್‌ಗೆ ಸರಿಯುತ್ತಾಳೆ. ಅಷ್ಟರಲ್ಲಿ ಅಲ್ಲಿ ಸೀಟು ತುಂಬಿರಬಹುದು. ಆದರೆ ಕೂತಿರುವವರಲ್ಲಿ ಒಬ್ಬರಿಗಿಂತ ಸಹನಾಳನ್ನು ಆ ಆಸ್ಪತ್ರೆ ಮೇಲೆ ಬರೆದಿದ್ದರೆ, ಅವರು ಏಳಬೇಕು, ಇವಳು ಕೂರುತ್ತಾಳೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತಲ್ಲ ಇದು. ಮೊದಲು ಬಂದವರಿಗೆ ಮೊದಲು ಎಂಬ ನಿಯಮವೇ ಇಲ್ಲ. ಚಿಕಾಗೋವನ್ನು ಮೊದಲು ಬರೆದದ್ದರಿಂದ ಡೆಟ್ರಾಯಿಟ್‌ನಲ್ಲಿ ಅವಳ ಅವಕಾಶ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ದಯವಿಟ್ಟು ಈ ಒಂದು ವಿಷಯ ಮನಸ್ಸಿಗೆ ಇಳಿಯುವವರೆಗೆ ಮತ್ತೆ ಓದಿ.

'ನನಗೆ ಅದು ಎಲ್ಲಿ ಸಿಗುತ್ತೆ' ಎಂದು ಇಷ್ಟದ ಜಾಗವನ್ನು ಕೆಳಗೆ ತಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೆಳಗೆ ತಳ್ಳಿ ಗಳಿಸುವುದು ಏನೂ ಇಲ್ಲ, ಕಳೆದುಕೊಳ್ಳುವುದು ಮಾತ್ರ ಇದೆ. 'ನಿಮ್ಮನ್ನು ಮೇಲೆಯೇ ಬರೆದಿದ್ದೇವೆ' ಎಂದು ಆಸ್ಪತ್ರೆಯಿಂದ ಇಮೇಲ್ ಬಂದರೂ ಪಟ್ಟಿ ತಿದ್ದಬೇಡಿ. ಆ ಮಾತಿಗೆ ಅವರು ಬದ್ಧರಲ್ಲ. ನಿಮ್ಮ ಕ್ರಮ ಏನೆಂದು ಕೇಳುವ ಅಧಿಕಾರವೂ ಅವರಿಗಿಲ್ಲ.

ಹಾಗಾದರೆ ಇಷ್ಟವನ್ನು ತೀರ್ಮಾನಿಸುವುದು ಹೇಗೆ? ಹೆಸರು ದೊಡ್ಡದೆಂದು ಮಾರುಹೋಗಬೇಡಿ. ಅಲ್ಲಿ ಈಗ ಓದುತ್ತಿರುವ ರೆಸಿಡೆಂಟ್‌ಗಳನ್ನು ಮಾತಾಡಿಸಿ, ಹಿರಿಯರು ಇಲ್ಲದಾಗ ಅವರು ಹೇಗೆ ಮಾತಾಡುತ್ತಾರೆ ಗಮನಿಸಿ. ವಾರಕ್ಕೆ ಸರಾಸರಿ 80 ಗಂಟೆ ಎಂಬ ಮಿತಿ ನಿಜವಾಗಿ ಪಾಲನೆಯಾಗುತ್ತದೆಯೇ? ಬೋರ್ಡ್ ಪರೀಕ್ಷೆಯಲ್ಲಿ ಎಷ್ಟು ಮಂದಿ ಪಾಸಾಗುತ್ತಾರೆ? ಕಾರ್ಡಿಯಾಲಜಿ ಫೆಲೋಶಿಪ್ ಕನಸಿದ್ದರೆ, ಅಲ್ಲಿಂದ ಯಾರಿಗಾದರೂ ಅದು ಸಿಕ್ಕಿದೆಯೇ? ನಮ್ಮವರಿಗೆ ವೀಸಾ ಪ್ರಶ್ನೆ ಬೇರೆ. ಜೆ-1ರಲ್ಲಿ ಹೋದರೆ, ವಿನಾಯಿತಿ ಸಿಗದ ಹೊರತು, ತರಬೇತಿಯ ನಂತರ ಎರಡು ವರ್ಷ ಊರಿಗೆ ಮರಳಿರಬೇಕು. ಎಚ್-1ಬಿ ಎಲ್ಲ ಆಸ್ಪತ್ರೆಗಳೂ ಕೊಡುವುದಿಲ್ಲ.

ಹೋಗಲು ಮನಸ್ಸೇ ಇಲ್ಲದ ಕಡೆಯನ್ನು ಬರೆಯಲೇಬೇಡಿ, ಏಕೆಂದರೆ ಮ್ಯಾಚ್ ಆದರೆ ಅದು ಒಪ್ಪಂದ. ಗಂಡ ಹೆಂಡತಿ ಇಬ್ಬರೂ ಅರ್ಜಿ ಹಾಕಿದ್ದರೆ ಪಟ್ಟಿಗಳನ್ನು ಜೋಡಿಸಿ ಕೊಡಬಹುದು. ಆಗ ಬರೆಯುವುದು ಜೋಡಿ ಸೀಟುಗಳನ್ನು.

ಪಟ್ಟಿ ಬರೆದಿಟ್ಟರೆ ಸಾಲದು, 'ಸರ್ಟಿಫೈ' ಮಾಡಬೇಕು. ಗಡುವು ಅಮೆರಿಕದ ಪೂರ್ವ ತೀರದ ಗಡಿಯಾರದಂತೆ ಲೆಕ್ಕ. ಕೊನೆಯ ಗಂಟೆಯವರೆಗೆ ಕಾಯದೆ ಹಿಂದಿನ ದಿನವೇ ಮುಗಿಸಿಬಿಡಿ.