ಮಣ್ಣಿಲ್ಲದ ಬೇಸಾಯದಲ್ಲಿ ಪೋಷಕ ದ್ರಾವಣದ ರಸಸಾರ

ಮಣ್ಣಿಲ್ಲದೆ ನೀರಿನಲ್ಲಿ ಲೆಟ್ಯೂಸ್, ಟೊಮೆಟೊ, ಸೌತೆ ಬೆಳೆಯುವ ರೈತರನ್ನು ಕಾಡುವ ತೊಂದರೆಯೊಂದಿದೆ. ಗೊಬ್ಬರ ಕೊಟ್ಟಿದ್ದರೂ ಚಿಗುರೆಲೆಗಳು ಹಳದಿಯಾಗುತ್ತವೆ. ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದು ಕಬ್ಬಿಣದ ಕೊರತೆಯ ಲಕ್ಷಣ. ಆದರೆ ಇನ್ನಷ್ಟು ಕಬ್ಬಿಣದ ಲವಣ ಸುರಿಯುವ ಮುನ್ನ ದ್ರಾವಣದ ರಸಸಾರ (ಪಿ.ಎಚ್.) ಪರೀಕ್ಷಿಸಿರಿ. ಕಬ್ಬಿಣ ತೊಟ್ಟಿಯಲ್ಲಿದ್ದೂ ಬೇರಿಗೆ ಸಿಗದಿರಬಹುದು.

ರಸಸಾರ 7 ಇದ್ದರೆ ತಟಸ್ಥ. ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಒಂದು ಅಂಕ ಇಳಿದರೆ ಆಮ್ಲತೆ 10 ಪಟ್ಟು ಹೆಚ್ಚುತ್ತದೆ. ಬಹುತೇಕ ತರಕಾರಿಗಳಿಗೆ 5.5 ರಿಂದ 6.5 ಸೂಕ್ತ. 7 ದಾಟಿದರೆ ಕಬ್ಬಿಣ, ಮ್ಯಾಂಗನೀಸ್, ರಂಜಕಗಳು ಕರಗದ ರೂಪಕ್ಕೆ ತಿರುಗುತ್ತವೆ. 5 ಕ್ಕಿಂತ ಕೆಳಗಿಳಿದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೀರಿಕೆ ಕುಗ್ಗುತ್ತದೆ. 4 ರ ಹತ್ತಿರ ಬೇರುಗಳೇ ಹಾಳಾಗುತ್ತವೆ.

ಏರುಪೇರಿಗೆ ಕಾರಣ

ಕೊಳವೆ ಬಾವಿಯ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ರಸಸಾರವನ್ನು ಏರಿಸುತ್ತದೆ. ಬೆಳೆಯು ನೈಟ್ರೇಟ್ ಹೀರಿದಾಗಲೂ ಅದು ಏರುತ್ತದೆ. ಅಮೋನಿಯಂ ಹೀರಿದಾಗ ಇಳಿಯುತ್ತದೆ. ಆದ್ದರಿಂದ ಒಮ್ಮೆ ಸರಿಪಡಿಸಿ ಬಿಟ್ಟರೆ ಸಾಲದು.

ಸರಿಪಡಿಸುವ ಕ್ರಮ

1. ಮಾಪಕವನ್ನು 4 ಮತ್ತು 7 ರಸಸಾರದ ಪ್ರಮಾಣಿತ ದ್ರಾವಣಗಳಲ್ಲಿ ಸರಿಹೊಂದಿಸಿಕೊಳ್ಳಿರಿ. ಗೊಬ್ಬರ ಬೆರೆಸಿದ ನಂತರವೇ ದ್ರಾವಣವನ್ನು ಅಳೆಯಿರಿ.

2. ಪ್ಲಾಸ್ಟಿಕ್ ಪಾತ್ರೆಯಲ್ಲಿ 9 ಭಾಗ ನೀರಿಗೆ 1 ಭಾಗ ಫಾಸ್ಫಾರಿಕ್ ಆಮ್ಲವನ್ನು ನಿಧಾನವಾಗಿ ಸೇರಿಸಿರಿ. ಆಮ್ಲಕ್ಕೆ ನೀರು ಸುರಿಯಲೇಬಾರದು. ಸಿಡಿದು ಕಣ್ಣು, ಚರ್ಮ ಸುಡುತ್ತದೆ. ಕೈಗವಸು, ರಕ್ಷಣಾ ಕನ್ನಡಕ ಧರಿಸಿರಿ.

3. ತೊಟ್ಟಿಯ 10 ಲೀಟರ್ ದ್ರಾವಣವನ್ನು ಬಕೆಟ್ಟಿಗೆ ತೆಗೆದುಕೊಂಡು, ರಸಸಾರ 6 ಕ್ಕೆ ಬರುವವರೆಗೆ ಈ ತೆಳು ಆಮ್ಲವನ್ನು ಅಳೆದು ಹಾಕಿರಿ. ಉದಾಹರಣೆಗೆ 12 ಮಿ.ಲೀ. ಹಿಡಿದರೆ, 1,000 ಲೀಟರಿಗೆ 1,200 ಮಿ.ಲೀ. ಬೇಕಾಗುತ್ತದೆ.

4. ತೊಟ್ಟಿಗೆ ಮೊದಲು ಮುಕ್ಕಾಲು ಪಾಲು, ಅಂದರೆ 900 ಮಿ.ಲೀ. ಹಾಕಿ ಚೆನ್ನಾಗಿ ಕಲಕಿರಿ. ಅರ್ಧ ಗಂಟೆಯ ನಂತರ ಮತ್ತೆ ಅಳೆದು, ಉಳಿದುದನ್ನು ಅಗತ್ಯವಿದ್ದಷ್ಟೇ ಸೇರಿಸಿರಿ. ಬೇರುಗಳು ದ್ರಾವಣದಲ್ಲಿಯೇ ಇದ್ದರೆ ಇದನ್ನು ಹಲವು ಕಂತುಗಳಲ್ಲಿ ಮಾಡುವುದು ಕ್ಷೇಮ.

5. ರಸಸಾರ ತೀರ ಇಳಿದಿದ್ದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ತೆಳು ದ್ರಾವಣವನ್ನು ಇದೇ ಕ್ರಮದಲ್ಲಿ, ಇದೇ ಎಚ್ಚರಿಕೆಯಿಂದ ಬಳಸಿರಿ. ಇದೂ ಚರ್ಮವನ್ನು ಸುಡುತ್ತದೆ.

ನಿಂಬೆರಸ, ವಿನೆಗರ್ ಹಾಕುವ ರೂಢಿ ಕೆಲವರಲ್ಲಿದೆ. ಸೂಕ್ಷ್ಮಜೀವಿಗಳು ಈ ಆಮ್ಲಗಳನ್ನು ತಿಂದು ಮುಗಿಸುವುದರಿಂದ ರಸಸಾರ ಮತ್ತೆ ಏರುತ್ತದೆ.

ಪ್ರತಿದಿನ ಒಂದೇ ಹೊತ್ತಿಗೆ ರಸಸಾರ ಅಳೆದು ಪುಸ್ತಕದಲ್ಲಿ ಬರೆದಿಡಿರಿ. ಹಳದಿಯಾದ ಎಲೆಗಳು ಪೂರ್ತಿ ಚೇತರಿಸದಿರಬಹುದು. ಹೊಸ ಚಿಗುರು ಹಸಿರಾಗಿ ಬಂದರೆ ನಿಮ್ಮ ಕ್ರಮ ಫಲಿಸಿತೆಂದು ತಿಳಿಯಿರಿ. ರಸಸಾರ ಸರಿಯಾಗಿದ್ದೂ ಚಿಗುರು ಹಳದಿಯಾಗಿಯೇ ಬಂದರೆ ಮಾತ್ರ ಕಬ್ಬಿಣ ಕೊಡುವ ವಿಚಾರ ಮಾಡಿರಿ.