ಮರಳುಗಾಡಿನ ಊರಿಗೆ ಹೆಣ್ಣು ಕೊಡಬಹುದೇ?

"ನೀರಿಲ್ಲದ ಊರಿಗೆ ಹೆಣ್ಣು ಕೊಡಬಾರದು."

ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಯಾಕೆ ಹೀಗೆ ಹೇಳ್ತಾರೆ? ನೀರು ತರುವವರು ಹೆಣ್ಣುಮಕ್ಕಳು. ಬಾವಿ ದೂರವಾದರೆ ಸೊಂಟ ನೋಯುವುದು ಅವರದೇ. ನೀರು ಸಾಲದೆ ಹೋದರೆ ಬೈಸಿಕೊಳ್ಳುವವರೂ ಅವರೇ.

ಹಾಗಾದರೆ ಮರಳುಗಾಡಿನ ಪಟ್ಟಣಕ್ಕೆ ಹೆಣ್ಣು ಕೊಡುವುದು ಹೇಗೆ? ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: "ಅಕ್ಕೋರೆ, ಅಲ್ಲಿ ಮಂದಿ ಹ್ಯಾಂಗ ಬಾಳೇ ಮಾಡ್ತಾರ್ರಿ?" ಒಳ್ಳೆಯ ಪ್ರಶ್ನೆ. ಇವತ್ತಿನ ಪಾಠ ಅದರದೇ.

ನಮ್ಮ ಪೇಟೆಯಲ್ಲಿ ಮಾರವಾಡಿ ಅಂಗಡಿ ಇದೆಯಲ್ಲ? ಮಾರವಾಡ ಎಂಬುದು ರಾಜಸ್ಥಾನದ ಒಂದು ಸೀಮೆ. 'ಮರು' ಎಂದರೆ ಮರಳುಗಾಡು. ಆ ಸೀಮೆಯ ದೊಡ್ಡ ಪಟ್ಟಣ ಜೋಧಪುರ. ಅದು ಥಾರ್ ಮರಳುಗಾಡಿನ ಅಂಚಿನಲ್ಲಿದೆ. ರಾವ್ ಜೋಧಾ ಎಂಬ ರಾಜ 1459ರಲ್ಲಿ ಈ ಊರನ್ನು ಕಟ್ಟಿದ. 2011ರ ಜನಗಣತಿಯ ಹೊತ್ತಿಗೇ ಅಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಇದ್ದರು.

ಅಲ್ಲಿ ಮಳೆ ಎಷ್ಟು? ವರ್ಷಕ್ಕೆ ಸುಮಾರು 36 ಸೆಂಟಿಮೀಟರ್. ಒಣ ಸೀಮೆ ಎಂದು ನಾವು ಅನ್ನುವ ವಿಜಯಪುರದಲ್ಲೂ 50 ಸೆಂಟಿಮೀಟರಿಗಿಂತ ಹೆಚ್ಚು ಬೀಳ್ತದೆ. ಅಲ್ಲಿಯ ಮಳೆಗೆ ನಂಬಿಕೆಯೂ ಇಲ್ಲ. ಒಂದು ವರ್ಷ ಬಂದಷ್ಟು ಇನ್ನೊಂದು ವರ್ಷ ಬರುವುದಿಲ್ಲ.

ಬಿಸಿಲೋ, ಹೇಳುವುದೇ ಬೇಡ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಜೋಧಪುರದಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿ ಫಲೋಡಿ ಎಂಬ ಊರಿದೆ. 2016ರ ಮೇ 19ರಂದು ಅಲ್ಲಿ 51 ಡಿಗ್ರಿ ಬಿಸಿಲು ಬಿತ್ತು. ಬೇಸಿಗೆಯಲ್ಲಿ ಬೀಸುವ ಬಿಸಿಗಾಳಿಗೆ 'ಲೂ' ಅಂತಾರೆ. ಲೂ ಹೊಡೆದರೆ ಜೀವಕ್ಕೇ ಅಪಾಯ. ಮೈ ಕೆಂಡದಂತೆ ಸುಡ್ತದೆ, ತಲೆ ತಿರುಗ್ತದೆ, ಮಾತು ತೊದಲ್ತದೆ. ಅಂಥವರನ್ನು ನೆರಳಿಗೆ ತಂದು, ಮೈಗೆ ಒದ್ದೆ ಬಟ್ಟೆ ಹಾಕಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇದು ಮರಳುಗಾಡಿಗೆ ಮಾತ್ರ ಅಲ್ಲ, ನಮ್ಮ ಹೊಲದಲ್ಲೂ ಅಷ್ಟೇ. ಧೂಳಿನ ಬಿರುಗಾಳಿ ಬಂತೆಂದರೆ ಅನ್ನದಲ್ಲೂ ಮಣ್ಣು, ಹಾಸಿಗೆಯಲ್ಲೂ ಮಣ್ಣು. ಗುಡಿಸಬೇಕಾದವರು ಯಾರು ಅಂತ ನಿಮಗೆ ಗೊತ್ತು!

ಇಷ್ಟಾದರೂ ಜನ ಊರು ಬಿಡಲಿಲ್ಲ. ಬಿಸಿಲಿನಿಂದಲೇ ಲಾಭ ಮಾಡಿಕೊಂಡರು. ಒಣ ಗಾಳಿಯಲ್ಲಿ ಹಪ್ಪಳ ಬೇಗ ಒಣಗ್ತದೆ. ಕಾಳಿಗೆ ಬೂಸ್ಟು ಹಿಡಿಯುವುದು ಕಡಿಮೆ. ಹೆಂಗಸರು ಕಾಯಿಪಲ್ಲೆ ಒಣಗಿಸಿ ಇಡ್ತಾರೆ, ಹಸಿ ಕಾಯಿಪಲ್ಲೆ ಸಿಗದ ಕಾಲಕ್ಕೆ ಅದೇ ಪಲ್ಯ. ಊಟಕ್ಕೆ ಸಜ್ಜೆ ರೊಟ್ಟಿ, ಮಜ್ಜಿಗೆ. ಹಳೆಯ ಪಟ್ಟಣದ ಮನೆಗಳಿಗೆ ದಪ್ಪ ಕಲ್ಲಿನ ಗೋಡೆ. ಓಣಿಗಳು ಇಕ್ಕಟ್ಟು, ಆದ್ದರಿಂದ ಹಗಲಿನಲ್ಲೂ ನೆರಳು. ಇಂಥ ಓಣಿ ನೋಡಿ ನಾವು ಮೂಗು ಮುರಿಯಬಹುದು, ಆದರೆ ಆ ಬಿಸಿಲಿಗೆ ಅದೇ ಸರಿ.

ನಮ್ಮ ಬನ್ನಿ ಮರ ಅಲ್ಲಿಯೂ ಇದೆ. ಅಲ್ಲಿ ಅದಕ್ಕೆ ಖೇಜ್ರಿ ಅಂತಾರೆ. ನಾವು ದಸರೆಗೆ ಪೂಜಿಸ್ತೇವೆ, ಅವರು ಅದರ ಕಾಯಿಯ ಪಲ್ಯ ಮಾಡಿ ಉಣ್ತಾರೆ, ಸೊಪ್ಪನ್ನು ಆಡಿಗೆ ಹಾಕ್ತಾರೆ. 1730ರಲ್ಲಿ ಅರಮನೆ ಕಟ್ಟಲು ಸುಣ್ಣ ಸುಡಬೇಕಾಗಿತ್ತು. ಅದಕ್ಕೆ ಕಟ್ಟಿಗೆ ಬೇಕೆಂದು ರಾಜ ಅಭಯಸಿಂಹನ ಆಳುಗಳು ಜೋಧಪುರದ ಹತ್ತಿರದ ಖೇಜಡ್ಲಿ ಹಳ್ಳಿಗೆ ಬಂದರು. ಬಿಷ್ಣೋಯಿ ಜನಾಂಗದ ಅಮೃತಾದೇವಿ ಎಂಬ ಹೆಣ್ಣುಮಗಳು ಮರವನ್ನು ಅಪ್ಪಿಕೊಂಡು ನಿಂತಳು. ಅವಳನ್ನೂ ಅವಳ ಮೂವರು ಹೆಣ್ಣುಮಕ್ಕಳನ್ನೂ ಕಡಿದರು. ಒಟ್ಟು 363 ಜನ ಪ್ರಾಣ ಕೊಟ್ಟರು. ಆಮೇಲೆ ರಾಜ ಮರ ಕಡಿಯುವುದನ್ನು ನಿಲ್ಲಿಸಿದ.

ಇನ್ನು ನೀರಿನ ಮಾತು.

ಜೋಧಪುರದ ಕೋಟೆ ಕಟ್ಟುವಾಗ ಬೆಟ್ಟದ ಮೇಲೆ ಒಬ್ಬ ಸಾಧು ಇದ್ದನಂತೆ. ರಾಜ ಅವನನ್ನು ಎಬ್ಬಿಸಿದ. ಸಾಧುವಿಗೆ ಸಿಟ್ಟು ಬಂತು. "ನಿನ್ನ ಊರಿಗೆ ನೀರಿನ ಬರ ತಪ್ಪದಿರಲಿ" ಎಂದು ಶಾಪ ಕೊಟ್ಟ. ಇದು ಕಥೆ. ಮಳೆ ಕಡಿಮೆ ಬೀಳುವುದು ಶಾಪದಿಂದಲ್ಲ. ಆದರೆ ಊರಿನವರ ಕಷ್ಟ ಎಷ್ಟಿತ್ತು ಎಂಬುದು ಕಥೆಯಿಂದ ತಿಳೀತದೆ.

ರಾಜ ಕೋಟೆ ಕಟ್ಟಿದ, ರಾಣಿ ಕೆರೆ ಕಟ್ಟಿಸಿದಳು. ರಾವ್ ಜೋಧಾನ ರಾಣಿ ಜಸಮಾದೆ ಕಟ್ಟಿಸಿದ ಕೆರೆಗೆ ಇವತ್ತಿಗೂ ರಾಣೀಸರ್ ಎಂದೇ ಹೆಸರು. 'ಸರ್' ಎಂದರೆ ಕೆರೆ. 1740ರ ಸುಮಾರಿಗೆ ಅಭಯಸಿಂಹನ ರಾಣಿ ಪಟ್ಟಣದ ನಡುವೆ ಆಳವಾದ ಮೆಟ್ಟಿಲು ಬಾವಿ ಕಟ್ಟಿಸಿದಳು. ಕೊಡ ಹಿಡಿದು ಇಳಿಯಲು ಮೂರು ಕಡೆಯೂ ಕಲ್ಲಿನ ಮೆಟ್ಟಿಲು. ಕೊಡ ಹೊರುವವರ ಕಷ್ಟ ಅರಿತೇ ಕಟ್ಟಿಸಿದಂತೆ ಕಾಣ್ತದೆ.

ಮನೆಗಳಲ್ಲಿ 'ಟಾಂಕಾ' ಇರ್ತಿತ್ತು. ಟಾಂಕಾ ಎಂದರೆ ನೆಲದೊಳಗಿನ ತೊಟ್ಟಿ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಗುಡಿಸಿ ತೊಳೀತಾರೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡ್ತಾರೆ, ಯಾಕೆಂದರೆ ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರ್ತದೆ. ಆಮೇಲಿನ ನೀರನ್ನು ತೊಟ್ಟಿಗೆ ಬಿಟ್ಟು ಬಾಯಿ ಮುಚ್ಚುತ್ತಾರೆ. ಆ ಸೀಮೆಯ ಎಷ್ಟೋ ಬಾವಿಗಳ ನೀರು ಉಪ್ಪು. ಕೆಲವು ಕಡೆ ಫ್ಲೋರೈಡ್ ಹೆಚ್ಚು. ಅದನ್ನು ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳ್ತದೆ, ವರ್ಷಗಟ್ಟಲೆ ಕುಡಿದರೆ ಎಲುಬು ಸೊಟ್ಟಗಾಗ್ತದೆ. ಮಳೆ ನೀರಿನಲ್ಲಿ ಈ ಕಾಟ ಇಲ್ಲ.

ಅಷ್ಟು ಕಡಿಮೆ ಮಳೆಯಲ್ಲಿ ತೊಟ್ಟಿಗೆ ಎಷ್ಟು ನೀರು ಬಂದೀತು? ಲೆಕ್ಕ ಮಾಡೋಣ. ಸ್ಲೇಟು ತೆಗೆದುಕೊಳ್ಳಿ.

ಮಾಳಿಗೆ 10 ಮೀಟರ್ ಉದ್ದ, 10 ಮೀಟರ್ ಅಗಲ ಇದೆ ಅನ್ನೋಣ. ಅಂದರೆ 100 ಚದರ ಮೀಟರ್. ಒಂದು ಚದರ ಮೀಟರ್ ಜಾಗದಲ್ಲಿ 1 ಸೆಂಟಿಮೀಟರ್ ಮಳೆ ಬಿದ್ದರೆ 10 ಲೀಟರ್ ನೀರು. 36 ಸೆಂಟಿಮೀಟರ್ ಬಿದ್ದರೆ 360 ಲೀಟರ್. ಇಡೀ ಮಾಳಿಗೆಗೆ 36,000 ಲೀಟರ್. ಅರ್ಧ ಹಾಳಾಯಿತು ಅನ್ನಿ. ಉಳಿದದ್ದು 18,000 ಲೀಟರ್. ಒಂದು ಕೊಡಕ್ಕೆ 15 ಲೀಟರ್ ಹಿಡಿದರೆ 1,200 ಕೊಡ. ವರ್ಷದ 365 ದಿನಕ್ಕೆ ಹಂಚಿದರೆ ದಿನಕ್ಕೆ 3 ಕೊಡಕ್ಕಿಂತ ಸ್ವಲ್ಪ ಹೆಚ್ಚು! ಕುಡಿಯಲು, ಅಡಿಗೆಗೆ ಒಂದು ಮನೆಗೆ ಅದು ಸಾಕು.

ಇಲ್ಲಿ ಒಂದು ಮಾತು ಮರೆಯಬಾರದು. ಗಟ್ಟಿ ಮಾಳಿಗೆ, ದೊಡ್ಡ ತೊಟ್ಟಿ ಇದ್ದದ್ದು ಉಳ್ಳವರಿಗೆ. ಗುಡಿಸಲಿನವರಿಗೆ ಟಾಂಕಾ ಎಲ್ಲಿಂದ ಬರಬೇಕು? ಅವರ ಹೆಂಗಸರಿಗೆ ಕೆರೆಯೇ ಗತಿ, ಬಾವಿಯೇ ಗತಿ. ಹಳೆಯ ಕಾಲವನ್ನು ಬರೇ ಹೊಗಳುವವರು ಇದನ್ನು ಹೇಳುವುದಿಲ್ಲ.

ಮುಂದೆ ಕಾಲುವೆ ಬಂತು. ಪಂಜಾಬಿನ ಹರಿಕೆ ಎಂಬಲ್ಲಿ ಸಟ್ಲೆಜ್, ಬಿಯಾಸ್ ನದಿಗಳು ಕೂಡ್ತವೆ. ಅಲ್ಲಿಂದ ಮರಳುಗಾಡಿಗೆ ನೀರು ತರುವುದೇ ಇಂದಿರಾ ಗಾಂಧಿ ಕಾಲುವೆ. ಅದರ ಕೆಲಸ ಶುರುವಾದದ್ದು 1958ರಲ್ಲಿ. ಅದರಿಂದ ನೀರನ್ನು ಪಂಪಿನಿಂದ ಮೇಲೆತ್ತಿ, ಇನ್ನೊಂದು ಕಾಲುವೆಯಲ್ಲಿ ಜೋಧಪುರಕ್ಕೆ ಹರಿಸಿದರು. 1990ರ ದಶಕದ ಕೊನೆಯ ಹೊತ್ತಿಗೆ ಪಟ್ಟಣದ ನಲ್ಲಿಗಳಲ್ಲಿ ಹಿಮಾಲಯದ ಕಡೆಯ ನೀರು ಬಂತು.

ಇದರಿಂದ ಎಷ್ಟು ಸುಖ ಆಯಿತು ಅನ್ನುವುದನ್ನು ಕೊಡ ಹೊತ್ತವರೇ ಬಲ್ಲರು. ನಲ್ಲಿ ಬೇಡಿತ್ತು, ಬಾವಿಯೇ ಚೆಂದ ಅಂತ ಯಾರಾದರೂ ಅಂದರೆ ಅವರ ತಲೆಯ ಮೇಲೆ ಎರಡು ಕೊಡ ಇಟ್ಟು ನೋಡಬೇಕು.

ಆದರೆ ನಲ್ಲಿ ಬಂದ ಮೇಲೆ ಹಳೆಯ ಬಾವಿಗಳನ್ನು ಕೇಳುವವರಿಲ್ಲದೆ ಹೋಯಿತು. ಕೆಲವಕ್ಕೆ ಕಸ ತುಂಬಿದರು. ರಾಣಿ ಕಟ್ಟಿಸಿದ ಮೆಟ್ಟಿಲು ಬಾವಿಗೂ ಅದೇ ಗತಿ ಬಂದಿತ್ತು. ಈಗ ಅದನ್ನು ತೆರವು ಮಾಡಿ ಚೊಕ್ಕಟ ಮಾಡಿದ್ದಾರೆ. ಇನ್ನೊಂದು ವಿಚಿತ್ರ ಕೇಳಿ. ಬಾವಿಯಿಂದ ನೀರು ಸೇದುವುದು ನಿಂತಿತು. ಪೈಪುಗಳಿಂದ ನೀರು ಸೋರಿತು. ತುಂಬಿ ನಿಂತ ಕೆರೆಯಿಂದ ನೀರು ಇಂಗಿತು. ನೆಲದೊಳಗೆ ನೀರು ಮೇಲೆ ಮೇಲೆ ಬಂತು. ಹಳೆಯ ಪಟ್ಟಣದ ಎಷ್ಟೋ ಅಂಗಡಿ, ಮನೆಗಳ ನೆಲಮಾಳಿಗೆಗೆ ನೀರು ನುಗ್ಗಿ, ಪಂಪು ಹಚ್ಚಿ ಹೊರಗೆ ಹಾಕುವ ಹಾಗಾಯಿತು. ಮರಳುಗಾಡಿನಲ್ಲಿ ನೀರು ಹೆಚ್ಚಾಗಿ ಗೋಡೆ ಹಾಳಾಗುವುದು ಅಂದರೆ ನಂಬಲಿಕ್ಕೆ ಆಗ್ತದೆಯೇ?

ಕಾಲುವೆಯ ದುರಸ್ತಿಗೆ ಬೇಸಿಗೆಯಲ್ಲಿ ಕೆಲವು ವಾರ ನೀರು ನಿಲ್ಲಿಸ್ತಾರೆ. ಆಗ ಪಟ್ಟಣಕ್ಕೆ ಅಳೆದು ಸುರಿದು ನೀರು ಬಿಡ್ತಾರೆ. ನೂರಾರು ಕಿಲೋಮೀಟರ್ ಆಚೆಯ ಕಾಲುವೆಯ ಬಾಗಿಲು ಮುಚ್ಚಿದರೆ ಇಲ್ಲಿ ಅಡಿಗೆಮನೆಯ ಕೊಡ ಬರಿದು. ಆದರೂ ಜೋಧಪುರ ನೆರೆಯವರಿಗೆ ನೀರು ಕೊಟ್ಟಿದೆ. 2022ರ ಏಪ್ರಿಲಿನಲ್ಲಿ ಪಾಲಿ ಎಂಬ ಊರಿನಲ್ಲಿ ಬರ ಬಂದಾಗ ಜೋಧಪುರದಿಂದ ರೈಲಿನಲ್ಲಿ ನೀರು ಕಳಿಸಿದರು.

ಪಟ್ಟಣವಾದ್ದರಿಂದ ಬೇರೆ ಅನುಕೂಲಗಳೂ ಉಂಟು. ದೊಡ್ಡ ಸರಕಾರಿ ಆಸ್ಪತ್ರೆಗಳಿವೆ, ಕಾಲೇಜುಗಳಿವೆ. ಹೆರಿಗೆ ನೋವು ಬಂದವಳನ್ನು ಮರಳಿನಲ್ಲಿ ಗಾಡಿ ಹೂಡಿ ಒಯ್ಯಬೇಕಾಗಿಲ್ಲ. ಮನೆಯಲ್ಲೇ ಕೂತು ಬಟ್ಟೆಗೆ ಗಂಟು ಕಟ್ಟಿ ಬಣ್ಣ ಹಾಕುವ ಬಾಂಧಣಿ ಕೆಲಸ ಹೆಂಗಸರಿಗೆ ಸಿಗ್ತದೆ. ಕೂಲಿ ಮಾತ್ರ ಗಂಟು ಎಣಿಸಿ ಕೊಡ್ತಾರೆ, ಲೆಕ್ಕ ಬಾರದವರಿಗೆ ಮೋಸ ಆಗಬಹುದು.

ಓದಿದಿರಲ್ಲ? ಈಗ ಗುಂಪಿನಲ್ಲಿ ಕೂತು ಮಾತಾಡಿ.

1. ನಿಮ್ಮ ಮಗಳಿಗೆ ಜೋಧಪುರದಿಂದ ವರ ಬಂದರೆ ಏನೇನು ವಿಚಾರಿಸ್ತೀರಿ? ನಾಲ್ಕು ಪ್ರಶ್ನೆ ಬರೆಯಿರಿ.

2. ನಿಮ್ಮ ಊರಿನಲ್ಲಿ ನಲ್ಲಿ ಬಂದ ಮೇಲೆ ಪಾಳು ಬಿದ್ದ ಬಾವಿ ಎಷ್ಟಿವೆ? ಯಾರು ಕಟ್ಟಿಸಿದ್ದು? ಹಿರಿಯರನ್ನು ಕೇಳಿ ತಿಳಿಯಿರಿ.

3. ನಿಮ್ಮ ಮನೆಯ ಮಾಳಿಗೆಯನ್ನು ಅಳೆಯಿರಿ. 50 ಸೆಂಟಿಮೀಟರ್ ಮಳೆ ಬಿದ್ದರೆ ಎಷ್ಟು ಕೊಡ ನೀರು ಸಿಗಬಹುದು? ಪಾಠದಲ್ಲಿ ಮಾಡಿದ ಹಾಗೆಯೇ ಅರ್ಧ ಕಳೆದು ಲೆಕ್ಕ ಮಾಡಿ, ಮುಂದಿನ ವಾರ ಸ್ಲೇಟಿನ ಮೇಲೆ ಬರೆದು ತನ್ನಿ.